ಓಪನ್‌ಫೋಮ್‌ಗೋಸ್ಕರ ಉಬುಂಟು: ಹೊಸಬರು ವಿಂಡೋಸ್ ಬಿಡಬೇಕಾ?

ಗಾಳಿ, ನೀರು ಹೇಗೆ ಹರಿಯುತ್ತವೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಓಪನ್‌ಫೋಮ್. ಮೆಕ್ಯಾನಿಕಲ್ ಓದುವ ಹುಡುಗರು ಅದನ್ನು ಕಲಿಯೋಕೆ ಹೊರಟಾಗ ಮೊದಲು ಕೇಳುವುದೇ ಇದು: ವಿಂಡೋಸ್ ಬಿಟ್ಟು ಉಬುಂಟುಗೆ, ಅಂದರೆ ಲಿನಕ್ಸ್‌ಗೆ, ಹೋಗಬೇಕಾ? ನಾನು ವರ್ಷಗಳಿಂದ ಉಬುಂಟುವಿನಲ್ಲೇ ಓಪನ್‌ಫೋಮ್ ಓಡಿಸುತ್ತಿದ್ದೇನೆ, ಖುಷಿಯಾಗಿದ್ದೇನೆ. ಆದರೂ ಹೊಸಬರಿಗೆ ಹೇಳುವುದು ಒಂದೇ: ವಿಂಡೋಸ್ ಅಳಿಸಬೇಡಿ. ಸಾಲಿಡ್‌ವರ್ಕ್ಸ್, ಆಟೋಕ್ಯಾಡ್‌ಗೆ ಲಿನಕ್ಸ್ ಆವೃತ್ತಿ ಇಲ್ಲ. ನಾಳೆ ಕಾಲೇಜಿನ ಪ್ರಾಜೆಕ್ಟ್‌ಗೆ ಅವು ಬೇಕೇ ಬೇಕು ಅಲ್ವಾ?

ಓಪನ್‌ಫೋಮ್ ಮಾತ್ರ ಲಿನಕ್ಸ್‌ನಲ್ಲೇ ಬೆಳೆದದ್ದು. 2004ರಿಂದ ಫ್ರೀ, ಲೈಸೆನ್ಸ್ ತಲೆನೋವಿಲ್ಲ. ತಲೆನೋವು ಬೇರೆ ಕಡೆ ಇದೆ. ಒತ್ತೋಕೆ ಬಟನ್ನೇ ಇಲ್ಲ! ‘0’, ‘ಕಾನ್‌ಸ್ಟಂಟ್’, ‘ಸಿಸ್ಟಮ್’ ಅಂತ ಮೂರು ಫೋಲ್ಡರ್, ಒಳಗೆ ಬರೀ ಟೆಕ್ಸ್ಟ್ ಫೈಲ್‌ಗಳು, ಅದರಲ್ಲಿ ಎಲ್ಲೋ ಒಂದು ಸೆಮಿಕೋಲನ್ ಬಿಟ್ಟುಹೋದರೆ ‘ಫೋಮ್ ಫೇಟಲ್ ಐಒ ಎರರ್’ ಅಂತ ಬೈದು ನಿಂತುಬಿಡುತ್ತದೆ. ಸಾಲಿನ ನಂಬರ್ ಕೊಡುತ್ತದೆ ನಿಜ, ಆದರೆ ತಪ್ಪು ಎಷ್ಟೋ ಸಲ ಅದರ ಹಿಂದಿನ ಸಾಲಿನಲ್ಲಿರುತ್ತದೆ. ಇದಕ್ಕೆ ಒಗ್ಗಿಕೊಳ್ಳೋದೇ ಅರ್ಧ ಕೆಲಸ, ಲಿನಕ್ಸ್ ಕಲಿಯೋದು ಅದರ ಮುಂದೆ ಏನೂ ಅಲ್ಲ.

ಹಾಗಾಗಿ ವಿಂಡೋಸ್ 10 ಅಥವಾ 11ರ ಒಳಗೇ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿ, ಅದರಲ್ಲಿ ಉಬುಂಟು ಇಳಿಸಿ, ಶುರು ಮಾಡಿ. ಕೇಸ್ ಫೋಲ್ಡರನ್ನು, ಅಂದರೆ ಮೇಲಿನ ಮೂರು ಫೋಲ್ಡರ್ ಇರುವುದನ್ನು, ಸಿ ಡ್ರೈವ್‌ನಲ್ಲಿ ಇಡಬೇಡಿ, ಆಮೆ ಥರ ಓಡುತ್ತದೆ. ಉಬುಂಟುವಿನ ಹೋಮ್ ಫೋಲ್ಡರ್ ಒಳಗೇ ಇರಲಿ. ಫಲಿತಾಂಶ ನೋಡೋಕೆ ಪ್ಯಾರಾವ್ಯೂ ಅನ್ನೋ ಸಾಫ್ಟ್‌ವೇರಿನ ವಿಂಡೋಸ್ ಆವೃತ್ತಿ ಸಾಕು. ಕೇಸ್ ಫೋಲ್ಡರಿನಲ್ಲಿ ‘.ಫೋಮ್’ ಅಂತ ಕೊನೆಯಾಗುವ ಖಾಲಿ ಫೈಲ್ ಒಂದು ಮಾಡಿಟ್ಟು ಅದನ್ನು ತೆರೆದರೆ ಆಯ್ತು.

ಡಬ್ಲ್ಯುಎಸ್‌ಎಲ್‌ನ ಮಿತಿ ಗೊತ್ತಾಗೋದು ಮೆಶ್, ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಚೂರು ಮಾಡಿದ ಜಾಲ, ದೊಡ್ಡದಾದಾಗ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಡಬ್ಲ್ಯುಎಸ್‌ಎಲ್ ತಗೊಳ್ಳೋದು ರ‍್ಯಾಮಿನ ಅರ್ಧ ಮಾತ್ರ, ಅಂದರೆ 8 ಜಿಬಿ ಲ್ಯಾಪ್‌ಟಾಪಿನಲ್ಲಿ ನಿಮಗೆ ಸಿಗೋದು 4. ಆ ಮಿತಿಯನ್ನು ಏರಿಸಬಹುದು, ಆದರೆ ವಿಂಡೋಸ್‌ಗೂ ಉಸಿರಾಡೋಕೆ ಜಾಗ ಬೇಕಲ್ಲ. ರಾತ್ರಿಯಿಡೀ ಓಡುವ ಕೇಸ್‌ಗಳು ಜಾಸ್ತಿಯಾದಾಗ ಡ್ಯುಯಲ್ ಬೂಟ್ (ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಎರಡೂ) ಮಾಡಿಕೊಳ್ಳಿ. ಅದಕ್ಕೆ ಕೈಹಾಕುವ ಮುಂಚೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗವಾದ ಬಿಟ್‌ಲಾಕರ್‌ನ ಕೀ ಬರೆದಿಟ್ಟುಕೊಳ್ಳಿ, ಬ್ಯಾಕಪ್ ಅಂತೂ ಬೇಕೇ ಬೇಕು.

ಇನ್ನೊಂದು ಮಾತು. ಓಪನ್‌ಫೋಮ್‌ನಲ್ಲೇ ಎರಡು ಬಣ. ಆವೃತ್ತಿಗೆ ‘ವಿ2312’ ಥರದ ಹೆಸರಿದ್ದರೆ ಒಂದು, ಸುಮ್ನೆ ‘11’, ‘12’ ಅಂತಿದ್ದರೆ ಇನ್ನೊಂದು. ಎರಡನೆಯದರಲ್ಲಿ 11ರಿಂದ ಕೇಸ್ ಓಡಿಸೋಕೆ ‘ಫೋಮ್‌ರನ್’ ಅನ್ನೋ ಹೊಸ ಕಮಾಂಡ್ ಬಂದಿದೆ, ಹಳೇ ವಿಡಿಯೊ ನೋಡಿ ಬರೆದ ಕೇಸ್ ಅಲ್ಲಿ ಹಾಗೇ ಓಡುತ್ತದೆ ಅನ್ನೋ ಭರವಸೆ ಇಲ್ಲ. ನಿಮ್ಮ ಗೈಡ್ ಯಾವುದನ್ನು ಬಳಸುತ್ತಾರೋ ಅದನ್ನೇ ಹಾಕಿಕೊಳ್ಳಿ.