ಮಂಜಿನಲ್ಲಿ ಟ್ಯಾಕ್ಸಿ: ಚಾರ್ಟ್, ಮ್ಯಾಪ್, ಹಸಿರು ದೀಪ – ಯಾವುದು ವಾಸಿ?

ಮನೆಯಲ್ಲಿ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ವಿಮಾನ ಹಾರಿಸುವ ಬಹಳ ಜನ ಟ್ಯಾಕ್ಸಿ ಮಾಡುವ, ಅಂದರೆ ವಿಮಾನವನ್ನು ನೆಲದ ಮೇಲೆ ನಡೆಸಿಕೊಂಡು ಹೋಗುವ, ಗೋಜಿಗೇ ಹೋಗುವುದಿಲ್ಲ. ನೇರ ರನ್‌ವೇ ಮೇಲೆ ವಿಮಾನ ಇಟ್ಟು ಥ್ರಾಟಲ್ ತಳ್ಳಿಬಿಡುತ್ತಾರೆ. ನನಗೆ ಮಾತ್ರ ಗೇಟಿನಿಂದ ರನ್‌ವೇವರೆಗಿನ ಆ ದಾರಿಯೇ ಇಷ್ಟ. ಅದರಲ್ಲೂ ರಾತ್ರಿ, ಮಂಜು ಕವಿದಿದ್ದರೆ ಇನ್ನೂ ಇಷ್ಟ. ನಾನು ಪೈಲಟ್ ಅಲ್ಲ. ಇಲ್ಲಿ ಹೇಳುವುದೆಲ್ಲ ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್‌ನಲ್ಲಿ, ಲಂಡನ್ ಹೀಥ್ರೂ ನಿಲ್ದಾಣದಲ್ಲಿ ಮಾಡಿ ನೋಡಿದ್ದು. ಹೀಥ್ರೂ ಯಾಕೆ ಅಂದರೆ ಅಲ್ಲಿ ಟ್ಯಾಕ್ಸಿವೇಗಳ, ಅಂದರೆ ಗೇಟು, ರನ್‌ವೇ ನಡುವಿನ ದಾರಿಗಳ, ಜಾಲ ದೊಡ್ಡದು. ಜೊತೆಗೆ ಅಲ್ಲಿನ ರನ್‌ವೇಗಳ ಹೆಸರೂ ನಮ್ಮ ಬೆಂಗಳೂರಿನವೂ ಒಂದೇ: 09ಎಲ್/27ಆರ್, 09ಆರ್/27ಎಲ್. ಎಲ್ ಅಂದರೆ ಎಡ, ಆರ್ ಅಂದರೆ ಬಲ. ಎಡ ಬಲ ಅದಲು ಬದಲಾದರೆ ಎರಡು ಕಡೆಯೂ ಒಂದೇ ಬಗೆಯ ಫಜೀತಿ.

ದಾರಿ ಹಿಡಿಯಲು ಮೂರು ವಿಧಾನ ಮಾಡಿ ನೋಡಿದೆ. ಮೊದಲು ಮುದ್ರಿತ ಚಾರ್ಟ್, ಅಂದರೆ ನಿಲ್ದಾಣದ ನಕ್ಷೆ, ಮತ್ತು ದಾರಿ ಬದಿಯ ಹಲಗೆಗಳು. ಕಪ್ಪು ಹಲಗೆಯಲ್ಲಿ ಹಳದಿ ಅಕ್ಷರ ಇದ್ದರೆ ಅದು ನೀವಿರುವ ಟ್ಯಾಕ್ಸಿವೇ. ಹಳದಿ ಹಲಗೆಯಲ್ಲಿ ಕಪ್ಪು ಅಕ್ಷರ, ಬಾಣ ಇದ್ದರೆ ಮುಂದಿನ ದಾರಿ. ಕೆಂಪು ಹಲಗೆಯಲ್ಲಿ ಬಿಳಿ ಸಂಖ್ಯೆ ಕಂಡರೆ ಮುಂದೆ ರನ್‌ವೇ; ಅನುಮತಿ ಇಲ್ಲದೆ ದಾಟುವಂತಿಲ್ಲ. ಅಲ್ಲೇ ನೆಲದ ಮೇಲೆ ನಾಲ್ಕು ಹಳದಿ ಗೆರೆ ಇರುತ್ತವೆ, ಎರಡು ತುಂಬು, ಎರಡು ತುಂಡು ತುಂಡು. ತುಂಬು ಗೆರೆ ನಿಮ್ಮ ಕಡೆಗಿದ್ದರೆ ನಿಲ್ಲಬೇಕು. ಟ್ಯಾಕ್ಸಿವೇ ಹೆಸರಿಗೆ ಐ, ಓ, ಎಕ್ಸ್ ಅಕ್ಷರ ಬಳಸುವುದಿಲ್ಲ. ಮೊದಲೆರಡು ಒಂದು, ಸೊನ್ನೆಯಂತೆ ಕಾಣುತ್ತವೆ. ಎಕ್ಸ್ ಅಂದರೆ ಮುಚ್ಚಿದ ದಾರಿಯ ಗುರುತು.

ಈ ವಿಧಾನ ನಿಧಾನ. ಪ್ರತಿ ತಿರುವಿನಲ್ಲೂ ವೇಗ ಇಳಿಸಿ ಹಲಗೆ ಹುಡುಕಬೇಕು, ಚಾರ್ಟ್ ಜೊತೆ ಹೊಂದಿಸಬೇಕು. ಬೇಸರದ ಕೆಲಸ, ಅಲ್ವಾ? ಆದರೆ ಹಲಗೆಯೂ ಚಾರ್ಟೂ ತಾಳೆಯಾಗದಿದ್ದರೆ ತಕ್ಷಣ ಗೊತ್ತಾಗುತ್ತದೆ. ಉಳಿದ ಎರಡರಲ್ಲಿ ಈ ಅನುಮಾನ ಹುಟ್ಟುವುದು ಅಪರೂಪ.

ಹಾಗಂತ ಗುರುತುಗಳೇ ಸರಿ ಇಲ್ಲದಿದ್ದರೆ ಈ ವಿಧಾನ ಕೈಕೊಡುತ್ತದೆ. 2001ರ ಅಕ್ಟೋಬರ್ 8ರಂದು ಮಿಲಾನ್‌ನ ಲಿನಾಟೆಯಲ್ಲಿ ಆದದ್ದು ಇದೇ. ದಟ್ಟ ಮಂಜು. ಸಣ್ಣ ಸೆಸ್ನಾ ಜೆಟ್‌ಗೆ ಆರ್5 ಟ್ಯಾಕ್ಸಿವೇ ಹಿಡಿಯಿರಿ ಅಂದಿದ್ದರು, ಅದು ಆರ್6ಕ್ಕೆ ತಿರುಗಿತು. ಪೈಲಟ್ ದಾರಿಯಲ್ಲಿ ಎಸ್4 ಎಂಬ ಗುರುತು ಕಂಡು ರೇಡಿಯೋದಲ್ಲಿ ಹೇಳಿಯೂ ಹೇಳಿದ. ಆ ಎಸ್4 ಚಾರ್ಟ್‌ನಲ್ಲೇ ಇರಲಿಲ್ಲ, ಕಂಟ್ರೋಲರ್‌ಗೆ ಅದು ಎಲ್ಲಿದೆ ಎಂದು ಹೊಳೆಯಲಿಲ್ಲ. ನೆಲದ ರಾಡಾರ್ ಕೆಲಸ ಮಾಡುತ್ತಿರಲಿಲ್ಲ. ಸೆಸ್ನಾ ರನ್‌ವೇಗೆ ಬಂದಾಗ ಎಸ್‌ಎಎಸ್ (ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್) ವಿಮಾನ ಟೇಕಾಫ್ ಓಟದಲ್ಲಿತ್ತು. ಎರಡೂ ಡಿಕ್ಕಿಯಾದವು. 118 ಜನ ಸತ್ತರು.

ಎರಡನೆಯದು ಟ್ಯಾಬ್ಲೆಟ್ ಮ್ಯಾಪ್. ನಿಮ್ಮ ವಿಮಾನದ ಪುಟ್ಟ ಚಿತ್ರ ನಕ್ಷೆಯ ಮೇಲೆ ಚಲಿಸುತ್ತಿರುತ್ತದೆ. ಎಲ್ಲಿದ್ದೇನೆ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಲಿನಾಟೆಯ ಆ ಸೆಸ್ನಾದಲ್ಲಿ ಇಂಥದ್ದೊಂದು ಇದ್ದಿದ್ದರೆ ಅನ್ನಿಸದೆ ಇರದು. 2006ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಕಾಮ್‌ಏರ್ ವಿಮಾನವೊಂದು ಸುಮಾರು 7,000 ಅಡಿಯ 22ನೇ ರನ್‌ವೇ ಬಿಟ್ಟು 3,500 ಅಡಿಯ 26ರಿಂದ ಹೊರಟು, ಒಳಗಿದ್ದ 50 ಜನರಲ್ಲಿ 49 ಜನ ಸತ್ತರು. ಆಮೇಲೆ ಅಲ್ಲಿನ ತನಿಖಾ ಮಂಡಳಿ ಕಾಕ್‌ಪಿಟ್‌ನಲ್ಲಿ ಚಲಿಸುವ ಮ್ಯಾಪ್ ಇರಲಿ, ಇಲ್ಲವೇ ತಪ್ಪು ರನ್‌ವೇ ಎಂದು ತಾನಾಗಿ ಎಚ್ಚರಿಸುವ ವ್ಯವಸ್ಥೆ ಇರಲಿ ಎಂದು ಶಿಫಾರಸು ಮಾಡಿತು.

ಮ್ಯಾಪ್‌ನ ತೊಂದರೆ ಕಣ್ಣಿನದು. ನೋಟ ಪರದೆಗೆ ಅಂಟಿಕೊಳ್ಳುತ್ತದೆ. ಹೊರಗೆ ಕೆಂಪು ಹಲಗೆ ಹೊಳೆಯುತ್ತಿದ್ದರೂ ಒಳಗಿನ ಪುಟ್ಟ ವಿಮಾನವೇ ಹೆಚ್ಚು ನಿಜ ಅನ್ನಿಸುತ್ತದೆ. ಜೂಮ್ ಜಾಸ್ತಿ ಮಾಡಿದಷ್ಟೂ ಇದು ಕೆಡುತ್ತದೆ. ಸ್ವಲ್ಪ ದೂರದ ನೋಟ ಇಟ್ಟುಕೊಂಡು ಸುಮ್ನೆ ಆಗಾಗ ಒಂದು ಕಣ್ಣು ಹಾಯಿಸಿದರೆ ವಾಸಿ.

ಮೂರನೆಯದು ಹಸಿರು ದೀಪ. ಹೀಥ್ರೂದಲ್ಲಿ ನಿಜವಾಗಿಯೂ ನಿಮ್ಮ ದಾರಿಯ ನಡುಗೆರೆಯ ದೀಪಗಳನ್ನಷ್ಟೇ ಹೊತ್ತಿಸಿ, ಹಸಿರು ಹಿಂಬಾಲಿಸಿ ಅನ್ನುತ್ತಾರೆ. ಎಕ್ಸ್-ಪ್ಲೇನ್‌ಗೆ ಸೇರಿಸಿಕೊಳ್ಳಲು ಅದೇ ಕೆಲಸದ ಪ್ಲಗಿನ್ (ಪುಟ್ಟ ತಂತ್ರಾಂಶ) ಇದೆ. ಮೂರರಲ್ಲಿ ಇದೇ ಎಲ್ಲಕ್ಕಿಂತ ಬೇಗ, ಸುಖ. ಆದರೆ ಕ್ಯಾಬ್‌ನ ಹಿಂದಿನ ಸೀಟಿನಲ್ಲಿ ಕೂತು ಬಂದಂತೆ: ಜಾಗ ತಲುಪುತ್ತೀರಿ, ಯಾವ ಕಡೆಯಿಂದ ಬಂದಿರಿ ಅನ್ನುವುದು ಗೊತ್ತಿರುವುದಿಲ್ಲ.

ದೀಪವನ್ನೇ ನಂಬುವುದು ನನಗೆ ಆಗಿಬರದಿರಲು ತೈಪೆಯ ಕಥೆಯೂ ಕಾರಣ. 2000ದ ಅಕ್ಟೋಬರ್ 31ರ ರಾತ್ರಿ, ಚಂಡಮಾರುತದ ಮಳೆಯಲ್ಲಿ ಸಿಂಗಾಪುರ್ ಏರ್‌ಲೈನ್ಸ್ ವಿಮಾನ 05ಎಲ್ ರನ್‌ವೇಗೆ ಹೋಗಬೇಕಿತ್ತು. 05ಆರ್ ಕಡೆ ತಿರುಗುವ ಹಸಿರು ದೀಪಗಳು ಚೆನ್ನಾಗಿ ಉರಿಯುತ್ತಿದ್ದವು. ನೇರ ಮುಂದಿನ, ಅಂದರೆ ಸರಿಯಾದ ದಾರಿಯ ದೀಪಗಳು ವಿರಳ. ಒಂದು ಕೆಟ್ಟಿತ್ತು, ಇನ್ನೊಂದು ಮಂಕಾಗಿತ್ತು. ವಿಮಾನ ಹೊಳೆಯುವ ದಾರಿ ಹಿಡಿಯಿತು. 05ಆರ್‌ನಲ್ಲಿ ಕಾಮಗಾರಿ ನಡೆದಿತ್ತು. ಟೇಕಾಫ್ ಓಟದಲ್ಲೇ ಯಂತ್ರಗಳಿಗೆ ಬಡಿದು 83 ಜನ ಸತ್ತರು. ಹೀಥ್ರೂದ ಹಸಿರಿನ ಹಿಂದೆ ದಾರಿ ಆರಿಸಿಕೊಡುವ ಒಬ್ಬರಿರುತ್ತಾರೆ, ತೈಪೆಯಲ್ಲಿ ಅದು ಬರೀ ಉರಿಯುತ್ತಿದ್ದ ದೀಪ. ಕಾಕ್‌ಪಿಟ್‌ನಿಂದ ನೋಡುವವನಿಗೆ ಎರಡೂ ಒಂದೇ ಹಸಿರು.

ಹಾಗಾಗಿ ನನ್ನ ಓಟು ಚಾರ್ಟ್ ಮತ್ತು ಹಲಗೆಗೆ. ಮ್ಯಾಪ್ ಪಕ್ಕದಲ್ಲಿರಲಿ, ತಾಳೆ ನೋಡಲು. ಏನೂ ಕಾಣದಷ್ಟು ಮಂಜಿದ್ದಾಗ ಹಸಿರು ದೀಪ ಹಾಕಿಕೊಳ್ಳುತ್ತೇನೆ, ಆಗಲೂ ಪ್ರತಿ ಕಪ್ಪು ಹಲಗೆಯನ್ನು ಜೋರಾಗಿ ಓದುತ್ತೇನೆ. ರನ್‌ವೇ ಮೇಲೆ ತಿರುಗಿದ ಮೇಲೆ ದಿಕ್ಸೂಚಿ ನೋಡುವುದಂತೂ ಪುಕ್ಕಟೆ: 27 ಅಂದರೆ 270 ಡಿಗ್ರಿಯ ಆಸುಪಾಸು ಇರಲೇಬೇಕು. ಎಲ್ ಯಾವುದು, ಆರ್ ಯಾವುದು ಅನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ. ಅದಕ್ಕೆ ಮತ್ತೆ ಕೆಂಪು ಹಲಗೆಯೇ ಬೇಕು.