ಗಾರ್ಡನ್ ಬೇಲಿಯ ಹಳದಿ ಕಣಗಿಲೆ: ಚಿಕ್ಕ ಮಕ್ಕಳಿರುವವರು ದಯವಿಟ್ಟು ಓದಿ

ಗಾರ್ಡನ್‌ಗೆ ಹೋದಾಗ ಜೋಕಾಲಿ ಸರಪಳಿ ಗಟ್ಟಿ ಇದೆಯಾ, ಜಾರುಬಂಡಿ ಒಡೆದಿದೆಯಾ ಅಂತ ನೋಡುತ್ತೇವೆ. ಬೇಲಿಗೆ ಯಾವ ಗಿಡ ಹಾಕಿದ್ದಾರೆ ಅಂತ ಯಾರು ನೋಡುತ್ತಾರೆ? ನಾನೂ ನೋಡಿರಲಿಲ್ಲ.

ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ. ಮನೆಯಿಂದ ಐದು ನಿಮಿಷ ನಡೆದರೆ ಒಂದು ಪುಟ್ಟ ಗಾರ್ಡನ್ ಇದೆ. ಹೋದ ತಿಂಗಳು ಧಾರವಾಡದಿಂದ ಅತ್ತೆ ಬಂದಿದ್ದರು. ಭಾನುವಾರ ಸಂಜೆ ಮಳೆ ಬಿಟ್ಟಿತ್ತು, ಎಲ್ಲರೂ ಹೊರಟೆವು. ನಮ್ಮವರು ಗೇಟಿನ ಹತ್ತಿರ ಭೇಳ್ ಕಟ್ಟಿಸಲು ನಿಂತರು. ನಾನೂ ಅತ್ತೆಯೂ ಬೆಂಚಿನ ಮೇಲೆ ಹರಟುತ್ತಾ ಕೂತೆವು. ನಾಲ್ಕು ವರ್ಷದ ಮಗಳು ಹತ್ತು ಹೆಜ್ಜೆ ಆಚೆ, ದೊಡ್ಡ ಮಕ್ಕಳ ಜೊತೆ ಅಡಿಗೆ ಆಟದಲ್ಲಿದ್ದಳು. ಕಣ್ಣೆದುರೇ ಇದ್ದಾಳಲ್ಲ ಅಂತ ನಾನು ನಿಶ್ಚಿಂತೆಯಾಗಿದ್ದೆ.

ಸ್ವಲ್ಪ ಹೊತ್ತಿಗೆ ಮುಖ ಕಿವುಚಿಕೊಂಡು ಓಡಿ ಬಂದಳು. "ಅಮ್ಮಾ, ಕಹಿ ಅದ." ಗದ್ದದ ಮೇಲೆ ಬಿಳಿ ಹಾಲು ಅಂಟಿತ್ತು. ಕೈಯಲ್ಲಿ ಅರ್ಧ ಕಚ್ಚಿದ ಹಸಿರು ಕಾಯಿ. ಓಡಿ ಹೋಗಿ ನೋಡಿದೆ. ಎಲೆ ಹಾಕಿ ಊಟ ಬಡಿಸಿದ್ದರು: ಮರಳಿನ ಅನ್ನ, ಹಳದಿ ಹೂವಿನ ಪಲ್ಯ, ಪಕ್ಕಕ್ಕೆ ಕಲ್ಲಿನಿಂದ ಒಡೆದು ತೆಗೆದ ಎರಡು ಬಿಳಿ ಬೀಜ. "ಅದು ಕಾಜು" ಅಂದ ಒಬ್ಬ ಹುಡುಗ.

"ಅಯ್ಯ ಶಿವನ, ಇದು ಕಣಗಲ ಕಾಯಿ ಅಲ್ಲೇನ!" ಅಂತ ಅತ್ತೆ ಎದೆ ಹಿಡಿದುಕೊಂಡರು.

ಕಾವಲುಗಾರ ನಕ್ಕ. "ಕಾಹೀ ಹೋತ್ ನಾಹೀ ತಾಯಿ (ಏನೂ ಆಗಲ್ಲ), ಇದು ಬಿಟ್ಟಿ" ಅಂದ. ಇಲ್ಲಿಯವರು ಈ ಬೀಜಕ್ಕೆ ಬಿಟ್ಟಿ ಅನ್ನುತ್ತಾರೆ. ಹಳಬರೆಲ್ಲ ಚಿಕ್ಕವರಿದ್ದಾಗ ಇದನ್ನಿಟ್ಟುಕೊಂಡೇ ಆಡಿದವರು. ಆದರೆ ಆಡುವುದು ಬೇರೆ, ತಿನ್ನುವುದು ಬೇರೆ ಅಲ್ವಾ? ಅವನ ಮಾತು ಕೇಳಿ ಐದು ನಿಮಿಷ ಹಾಳು ಮಾಡಿದೆ. ಇವತ್ತಿಗೂ ನನಗೆ ಸಿಟ್ಟಿರುವುದು ಆ ಐದು ನಿಮಿಷದ ಮೇಲೆ.

ಉಪ್ಪು ನೀರು ಕುಡಿಸಿ ವಾಂತಿ ಮಾಡಿಸು ಅಂದರು ಅತ್ತೆ. ಪುಣ್ಯಕ್ಕೆ ಅಲ್ಲಿ ಉಪ್ಪು ಇರಲಿಲ್ಲ. ಹಾಗೆ ಮಾಡಲೇಬಾರದು, ಅದರಿಂದ ಮಗುವಿಗೆ ಇನ್ನೊಂದು ಅಪಾಯ ಅಂತ ಆಮೇಲೆ ಡಾಕ್ಟರ್ ಹೇಳಿದರು. ನಾನು ಬಾಯಿ ಮುಕ್ಕಳಿಸಿ ಒರೆಸಿ, ಉಳಿದ ಕಾಯಿ, ಎಲೆ, ಬೀಜ ಎಲ್ಲ ಭೇಳ್ ಕಾಗದದಲ್ಲಿ ಸುತ್ತಿಕೊಂಡು ರಿಕ್ಷಾ ಹತ್ತಿದೆ. ಅವತ್ತು ನಾನು ಮಾಡಿದ ಜಾಣತನ ಅದೊಂದೇ. ಡಾಕ್ಟರ್ ಕಾಯಿ ನೋಡಿದ ಕೂಡಲೇ ಗುರುತು ಹಿಡಿದರು. ಎಷ್ಟು ಹೊತ್ತಾಯಿತು, ಎಷ್ಟು ತಿಂದಿದ್ದಾಳೆ, ಬೀಜ ಅಗಿದಳಾ ಅಂತ ಕೇಳಿದರು. ವಿಷ ಹೀರಿಕೊಳ್ಳುವ ಔಷಧಿ ಇದ್ದಿಲಿನ ಕಪ್ಪು ನೀರು ಕುಡಿಸಿದರು. ಎದೆಗೆ ಪಟ್ಟಿ ಅಂಟಿಸಿ ಇಸಿಜಿ ಹಾಕಿದರು. ರಾತ್ರಿ ಎರಡು ಸಲ ವಾಂತಿ ಆಯಿತು, ನಾಡಿ ಸ್ವಲ್ಪ ನಿಧಾನವಾಯಿತು. ಮಾನಿಟರ್ ನೋಡುತ್ತಲೇ ಬೆಳಗು ಮಾಡಿದೆವು. ಮರುದಿನ ಸಂಜೆ ಮನೆಗೆ ಬಂದೆವು. ಬರೀ ತಿರುಳು ಕಚ್ಚಿದ್ದಳು, ಅದಕ್ಕೇ ಬಚಾವ್. ಆ "ಕಾಜು" ಅಗಿದಿದ್ದರೆ ಮಾತೇ ಬೇರೆ ಅಂದರು ಡಾಕ್ಟರ್.

ಗಿಡದ ಗುರುತು ಹೇಳುತ್ತೇನೆ. ಎಲೆ ಉದ್ದ, ಬೆರಳಿಗಿಂತ ಸಣ್ಣ ಅಗಲ. ಹೂ ಹಳದಿ, ಗಂಟೆಯ ಥರ. ಕಾಯಿ ಹಸಿರು, ನಯ, ಸ್ವಲ್ಪ ಮೂಲೆ ಮೂಲೆಯಾಗಿರುತ್ತದೆ, ಬಲಿತರೆ ಕಪ್ಪು. ಎಲ್ಲಿ ಮುರಿದರೂ ಹಾಲು. ಗಿಡದ ಎಲ್ಲಾ ಭಾಗವೂ ವಿಷವೇ, ಬೀಜದಲ್ಲಿ ಜಾಸ್ತಿ. ಆ ವಿಷ ನೇರ ಹೃದಯದ ಬಡಿತಕ್ಕೆ ಹೋಗುತ್ತದೆ. ಒಣಗಿಸಿದರೂ ಕುದಿಸಿದರೂ ಹೋಗಲ್ಲ. ಗುಲಾಬಿ ಬಣ್ಣದ ಕಣಗಿಲೆಯೂ ಹಾಗೆಯೇ. ಕೇರಳದಲ್ಲಿ ದೇವಸ್ಥಾನ ನೋಡಿಕೊಳ್ಳುವ ದೇವಸ್ವಂ ಬೋರ್ಡ್‌ಗಳು 2024ರಲ್ಲಿ ನೈವೇದ್ಯ, ಪ್ರಸಾದಕ್ಕೆ ಆ ಹೂ ಬಳಸುವುದನ್ನೇ ನಿಲ್ಲಿಸಿದವು. ನಾವು ಶಿವನಿಗೆ ಏರಿಸಿ, ಅದೇ ಹೂ ಮಗುವಿನ ಕೈಗೂ ಕೊಡುತ್ತೇವೆ.

ಇಂಥ ಗಿಡ ಮಕ್ಕಳು ಆಡುವ ಕಡೆ ಯಾಕೆ? ನೀರು ಕಡಿಮೆ ಸಾಕು, ಹೂ ಜಾಸ್ತಿ, ದನ ಮೇಕೆ ಬಾಯಿ ಹಾಕಲ್ಲ. ಮೇಕೆಗೆ ಗೊತ್ತಿರುವುದು ನೆಟ್ಟವರಿಗೆ ಗೊತ್ತಿಲ್ಲ, ಏನು ಹೇಳೋದು.

ಎಲ್ಲಾದರೂ ಹೀಗಾದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ, ಕೆಲವು ತಾಸು ಬಿಟ್ಟು ಶುರುವಾಗಬಹುದು. ಇಸಿಜಿ ಇರುವ ಆಸ್ಪತ್ರೆಗೇ ಹೋಗಿ, ಗಿಡದ ತುಂಡು ಜೊತೆಗಿರಲಿ. ದೆಹಲಿ ಏಮ್ಸ್‌ನಲ್ಲಿ ವಿಷದ ಬಗ್ಗೆ ಮಾಹಿತಿ ಕೊಡುವ ಕೇಂದ್ರ ಇದೆ, ಹಗಲೂ ರಾತ್ರಿ: 1800 116 117. ದಾರಿಯಲ್ಲೇ ಫೋನ್ ಮಾಡಬಹುದು. ಅದು ನನಗೆ ಗೊತ್ತಾಗಿದ್ದು ಎಲ್ಲಾ ಮುಗಿದ ಮೇಲೆ.

ಆ ಗಿಡ ತೆಗೆಸಿ ಅಂತ ನಮ್ಮ ಬಿಲ್ಡಿಂಗ್‌ನ ಹನ್ನೊಂದು ಮನೆಯವರ ಸಹಿ ಹಾಕಿಸಿ ಗಾರ್ಡನ್ ನೋಡಿಕೊಳ್ಳುವವರಿಗೆ ಅರ್ಜಿ ಕೊಟ್ಟಿದ್ದೇವೆ. ಮಳೆಗಾಲ ಮುಗಿಯಲಿ, ಬಘತೋ (ನೋಡೋಣ) ಅಂದಿದ್ದಾರೆ. ಮೊನ್ನೆ ಹೋದಾಗ ಗಿಡ ಅಲ್ಲೇ ಇತ್ತು, ಮರಳಿನ ಗುಂಡಿ ತುಂಬ ಹಳದಿ ಹೂ ಬಿದ್ದಿತ್ತು.