ಮೂರು ಮಳೆಗಾಲ ಕಂಡ ಸ್ಕ್ಯಾನರ್: ವಿದ್ಯುತ್ ಕಾರಿನ ಬ್ರೇಕ್ ದೀಪದ ಬೆನ್ನು ಹತ್ತಿ

ಬೆಂಕಿಪೊಟ್ಟಣದಷ್ಟಿರುವ ಈ ಬ್ಲೂಟೂತ್ ಸ್ಕ್ಯಾನರನ್ನು (ಕಾರಿಗೆ ಸಿಕ್ಕಿಸಿದರೆ ಅದರ ದೋಷದ ಕೋಡುಗಳನ್ನು ಮೊಬೈಲಿನಲ್ಲಿ ತೋರಿಸುವ ಸಾಧನ) ನಾನು ಕೊಂಡದ್ದು ಹವ್ಯಾಸಕ್ಕಲ್ಲ, ಸಿಟ್ಟಿಗೆ. ಜುಲೈ ತಿಂಗಳ ಒಂದು ಮಧ್ಯಾಹ್ನ ಸಕಲೇಶಪುರದಿಂದ ಪುತ್ತೂರಿಗೆ ಇಳಿಯುತ್ತಿದ್ದೆ. ಶಿರಾಡಿ ಘಾಟಿಯ ತಿರುವುಗಳು ಶುರುವಾದ ಹೊತ್ತಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ, ಚಕ್ರ ಜಾರದಂತೆ ನೋಡಿಕೊಳ್ಳುವ ಟ್ರ್ಯಾಕ್ಷನ್ ವ್ಯವಸ್ಥೆಯ ದೀಪ ಎರಡೂ ಒಟ್ಟಿಗೆ ಹೊತ್ತಿಕೊಂಡವು. ದೀಪಕ್ಕಿಂತ ಹೆದರಿಸಿದ್ದು ಕಾಲಿಗೆ ಗೊತ್ತಾದ ವ್ಯತ್ಯಾಸ. ಆಕ್ಸಿಲರೇಟರ್ ಬಿಟ್ಟರೆ ಸಾಕು, ಗಾಡಿಯನ್ನು ಹಿಡಿದಿಡುತ್ತಿದ್ದ ಮೋಟರ್ ಆವತ್ತು ಕೈಬಿಟ್ಟಿತು. ಕಾರು ನ್ಯೂಟ್ರಲ್‌ನಲ್ಲಿದ್ದಂತೆ ಉರುಳತೊಡಗಿತು. ಒಂದು ಚಕ್ರದ ವೇಗ ಸರಿಯಾಗಿ ತಿಳಿಯದಿದ್ದರೆ ಅದು ಜಾರುತ್ತಿದೆಯೋ ಉರುಳುತ್ತಿದೆಯೋ ಎಂಬುದು ಎಬಿಎಸ್‌ಗೆ ತಿಳಿಯುವುದಿಲ್ಲ. ಹಾಗೆ ಅನುಮಾನ ಬಂದಾಗ ನನ್ನ ಕಾರು, ಮೋಟರೇ ಗಾಡಿಯನ್ನು ತಡೆದು ಬ್ಯಾಟರಿ ತುಂಬಿಸುವ ರೀಜೆನ್ ಬ್ರೇಕನ್ನು ನಿಲ್ಲಿಸಿ, ಹೊರೆಯನ್ನೆಲ್ಲ ಬ್ರೇಕ್ ಪ್ಯಾಡುಗಳಿಗೆ ವಹಿಸುತ್ತದೆ. ಇದೆಲ್ಲ ಆಮೇಲೆ ಕಲಿತ ಪಾಠ. ಆವತ್ತು ಲಾರಿಗಳ ಹಿಂದೆ ತೆವಳುತ್ತ ಗುಂಡ್ಯ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಸರ್ವಿಸ್ ಸೆಂಟರಿನಲ್ಲಿ ಐದೇ ನಿಮಿಷಕ್ಕೆ ತೀರ್ಪು ಬಂತು: "ಹಿಂದಿನ ಬಲಚಕ್ರದ ಸೆನ್ಸರ್ ಸರ್, ಹಬ್ ಬೇರಿಂಗ್ ಸಮೇತ ಬದಲಾಯಿಸಬೇಕು, 14,000 ಆಗುತ್ತದೆ." ಕೋಡ್ ಯಾವುದೆಂದು ಕೇಳಿದರೆ, "ಅದು ನಿಮಗೆ ಅರ್ಥವಾಗುವುದಿಲ್ಲ ಸರ್." ಅಂದೇ ರಾತ್ರಿ ಸ್ಕ್ಯಾನರ್ ತರಿಸಿದೆ.

ಮೊದಲು ತರಿಸಿದ್ದು 900 ರೂಪಾಯಿಯದು, ಬರೀ ದಂಡ. ಅಗ್ಗದವು ಸಾಮಾನ್ಯವಾಗಿ ಎಂಜಿನ್ ಕಡೆಯ 'ಪಿ' ಕೋಡುಗಳನ್ನಷ್ಟೇ ಓದುತ್ತವೆ. ಬ್ರೇಕಿನದು 'ಸಿ' ಗುಂಪು; ಕಾರಿನ ಎಲೆಕ್ಟ್ರಾನಿಕ್ ಘಟಕಗಳ ನಡುವೆ ಮಾತು ಕಡಿದರೆ 'ಯು' ಗುಂಪು. ಎದುರಿಗೆ ದೀಪ ಉರಿಯುತ್ತಿದ್ದರೂ ಆ ಪುಣ್ಯಾತ್ಮ "ದೋಷವಿಲ್ಲ" ಎಂದಿತು. ಎರಡನೆಯದಕ್ಕೆ 8,500 ತೆತ್ತೆ. ನಾನು ಬರೆಯುತ್ತಿರುವುದು ಇದರ ಬಗ್ಗೆ.

ಇದು ತೋರಿಸಿದ ಕೋಡ್ ಸಿ0050: ಬಲ ಹಿಂಚಕ್ರದ ವೇಗದ ಸೆನ್ಸರಿನ ಸರ್ಕ್ಯೂಟ್. ಸರ್ಕ್ಯೂಟ್ ಎಂದಿತೇ ಹೊರತು ಸೆನ್ಸರ್ ಸತ್ತಿದೆ ಎನ್ನಲಿಲ್ಲ. ಸೆನ್ಸರ್, ಅದರ ವೈರು, ನಡುವಿನ ಕನೆಕ್ಟರ್ ಎಲ್ಲವೂ ಆ ಒಂದು ಮಾತಿನೊಳಗೆ ಬರುತ್ತವೆ. ಮಗಳನ್ನು ಸ್ಟಿಯರಿಂಗಿಗೆ ಕೂರಿಸಿ, ಪಕ್ಕದಲ್ಲಿ ಮೊಬೈಲ್ ಹಿಡಿದು ಕುಳಿತೆ. ತೋಟದ ರಸ್ತೆಯಲ್ಲಿ ಇಪ್ಪತ್ತರ ವೇಗ. ಮೂರು ಚಕ್ರಗಳು 20, 20, 21 ಎನ್ನುತ್ತಿದ್ದರೆ ನಾಲ್ಕನೆಯದು 19, ಸೊನ್ನೆ, 20, ಮತ್ತೆ ಸೊನ್ನೆ. ಗುಂಡಿಗೆ ಇಳಿದಾಗಲೆಲ್ಲ ಸೊನ್ನೆ. "ಅಪ್ಪ, ಇನ್ನೆಷ್ಟು ಸುತ್ತು?" ಎಂದು ಅವಳು ರೇಗುವ ಹೊತ್ತಿಗೆ ನನಗೆ ಖಾತ್ರಿಯಾಗಿತ್ತು, ಅಲುಗಾಡಿದಾಗ ಎಲ್ಲೋ ಸಂಪರ್ಕ ತಪ್ಪುತ್ತಿದೆ. ಬೇರಿಂಗ್ ಸವೆದಿದ್ದರೆ ಗುಂಡಿಗೊಮ್ಮೆ ಹೀಗೆ ಹಾರುತ್ತಿರಲಿಲ್ಲ ಎನ್ನಿಸಿತು.

ಕಾರನ್ನು ಆಫ್ ಮಾಡಿ, ಮುಂಚಕ್ರಗಳಿಗೆ ಕಲ್ಲು ಕೊಟ್ಟು, ಜ್ಯಾಕ್ ಜೊತೆಗೆ ಸ್ಟ್ಯಾಂಡನ್ನೂ ಇಟ್ಟು ಚಕ್ರ ಬಿಚ್ಚಿದೆ. ಕಿತ್ತಳೆ ಬಣ್ಣದ ಕೇಬಲ್‌ಗಳು ಹೈವೋಲ್ಟೇಜಿನವು, ಅವುಗಳ ತಂಟೆಗೆ ಹೋಗಲಿಲ್ಲ. ಮಡ್‌ಗಾರ್ಡಿನ ಪ್ಲಾಸ್ಟಿಕ್ ಸರಿಸಿದರೆ ಸೆನ್ಸರಿನ ಕಪ್ಪು ವೈರು ಕಿರುಬೆರಳಿನಷ್ಟಿನ ಕನೆಕ್ಟರಿಗೆ ಸೇರುತ್ತಿತ್ತು. ಎಳೆದು ನೋಡಿದೆ. ಒಂದು ಪಿನ್ ಹೊಳೆಯುತ್ತಿದೆ, ಇನ್ನೊಂದಕ್ಕೆ ಹಳೆಯ ತಾಮ್ರದ ಹಂಡೆಗೆ ಹಿಡಿಯುವಂಥದೇ ಹಸಿರು ಕಿಲುಬು. ರಬ್ಬರ್ ಸೀಲಿನೊಳಗೆ ತೋಟದ ಕೆಂಪು ಕೆಸರು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ ಜೋಡಿಸಿದೆ. ಕೋಡ್ ಅಳಿಸಿ ಅರ್ಧ ಕಿಲೋಮೀಟರ್ ಓಡಿಸುವಷ್ಟರಲ್ಲಿ ದೀಪಗಳು ಆರಿದವು, ರೀಜೆನ್ ಮರಳಿ ಬಂತು.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಜಾಣನೆನ್ನಿಸಿಕೊಳ್ಳುತ್ತಿದ್ದೆ. ಮರುವರ್ಷದ ಮಳೆಗೆ ಅದೇ ಕೋಡ್ ಮತ್ತೆ ಬಂತು. ಕಿಲುಬು ತಿಂದ ಪಿನ್ ಸಣಕಲಾಗಿತ್ತು. ಬ್ರಷ್ಷಿನಿಂದ ಉಜ್ಜಿದರೆ ಹೋದ ಲೋಹ ಬರುವುದಿಲ್ಲವಲ್ಲ. ಸೆನ್ಸರ್ ಮತ್ತು ವೈರು ಬೇರಿಂಗ್ ಇಲ್ಲದೆ ಬಿಡಿಯಾಗಿಯೇ 2,600ಕ್ಕೆ ಸಿಕ್ಕಿತು. ಅದನ್ನು ಹಾಕಿದ ಮೇಲೆ ಇನ್ನೊಂದು ಮಳೆಗಾಲ ಕಳೆದಿದೆ, ತಕರಾರಿಲ್ಲ.

ಎರಡನೆಯ ಪ್ರಕರಣದಲ್ಲಿ ಕಳ್ಳ ಈ ಸ್ಕ್ಯಾನರೇ. ಉತ್ಸಾಹದಲ್ಲಿ ಸ್ಟಿಯರಿಂಗ್ ಕೆಳಗಿನ ಪೋರ್ಟಿನಲ್ಲೇ ಬಿಟ್ಟು ಹತ್ತು ದಿನ ಊರಿಗೆ ಹೋಗಿದ್ದೆ. ಬಂದು ಕಾರು ಚಾಲೂ ಮಾಡಿದರೆ ಬ್ರೇಕ್, ಎಬಿಎಸ್, ಸ್ಟಿಯರಿಂಗ್, ಏರ್‌ಬ್ಯಾಗ್ ಎಲ್ಲವೂ ದೀಪಾವಳಿ. ಕೋಡುಗಳ ಸಾಲಿನಲ್ಲಿ ಯು0121, ಅಂದರೆ ಎಬಿಎಸ್ ಘಟಕದೊಂದಿಗೆ ಸಂಪರ್ಕವಿಲ್ಲ. ಒಮ್ಮೆಲೇ ಇಷ್ಟೆಲ್ಲ ಕೆಡುತ್ತದೆಯೇ ಎಂದು 12 ವೋಲ್ಟಿನ ಸಣ್ಣ ಬ್ಯಾಟರಿಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದೆ: 11.4. ಸುಸ್ಥಿತಿಯಲ್ಲಿದ್ದರೆ 12.6ರ ಆಸುಪಾಸು ಇರಬೇಕು. ಪೋರ್ಟಿನಲ್ಲಿದ್ದ ಸ್ಕ್ಯಾನರ್ ಹತ್ತು ದಿನ ಅದನ್ನು ಹೀರಿತ್ತು. ಕಾರನ್ನು ಓಡಿಸುವ ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಘಟಕಗಳಿಗೆ ಅನ್ನ ಹಾಕುವುದು ಸಣ್ಣದೇ. ಅದನ್ನು ಚಾರ್ಜ್ ಮಾಡಿ ಕೋಡ್ ಅಳಿಸಿದ ಮೇಲೆ ಒಂದೂ ಮರಳಲಿಲ್ಲ. ಅಂದಿನಿಂದ ಸ್ಕ್ಯಾನರ್ ಕೀಲಿಕೈ ಮೊಳೆಗೆ ನೇತಾಡುತ್ತಿದೆ. ಪೋರ್ಟಿನಲ್ಲಿ ಬಿಡಬೇಡಿ ಎಂದು ಕೈಪಿಡಿಯಲ್ಲಿ ಒಂದು ಸಾಲು ಬರೆಯಲು ತಯಾರಕರಿಗೆ ಏನು ಕಷ್ಟವಿತ್ತೋ.

ಇದಕ್ಕೆ ಕಾಣದ್ದೂ ಇದೆ. ರೀಜೆನ್‌ನಿಂದಾಗಿ ಪ್ಯಾಡುಗಳಿಗೆ ಕೆಲಸ ಕಡಿಮೆ. ನಮ್ಮ ಕರಾವಳಿಯ ತೇವಕ್ಕೆ, ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ. ನನ್ನ ಎಡ ಹಿಂಚಕ್ರದಲ್ಲಿ ಒಳಗಿನ ಪ್ಯಾಡ್ ಮಾತ್ರ ಸವೆದಿತ್ತು. ಅದಕ್ಕೆ ಕೋಡೂ ಇಲ್ಲ, ದೀಪವೂ ಇಲ್ಲ. ಚಕ್ರ ಬಿಚ್ಚಿದವನಿಗೆ ಮಾತ್ರ ಕಂಡೀತು. ಆ ಪ್ಯಾಡ್ ಬದಲಿಸಲು ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕನ್ನು ಸರ್ವಿಸ್ ಮೋಡಿಗೆ (ಬ್ರೇಕ್ ಸಡಿಲವಾಗಿ ನಿಲ್ಲುವ ಸ್ಥಿತಿಗೆ) ಹಾಕಬೇಕಾಗಿತ್ತು. ಆ ಕೆಲಸವನ್ನು ಸ್ಕ್ಯಾನರ್ ಚೊಕ್ಕವಾಗಿ ಮಾಡಿಕೊಟ್ಟಿತು. ಬ್ರೇಕ್ ಆಯಿಲ್ ಬದಲಿಸುವುದನ್ನು ಮಾತ್ರ ಈಗಲೂ ಗ್ಯಾರೇಜಿಗೇ ಬಿಟ್ಟಿದ್ದೇನೆ. ಪೈಪಿನಲ್ಲಿ ಗಾಳಿ ಉಳಿದರೆ ಘಾಟಿಯಲ್ಲಿ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ.

ಆ್ಯಪ್ ನಿಧಾನ, ಭಾಷಾಂತರ ಹಾಸ್ಯಾಸ್ಪದ, ಅಪ್‌ಡೇಟ್ ಆದಾಗೊಮ್ಮೆ ಕಾರಿನ ಹೆಸರು ಮರೆಯುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕೊಳ್ಳುವವರು ತಮ್ಮ ಕಾರಿನ ಮಾದರಿಯ ಎಬಿಎಸ್ ಕೋಡುಗಳನ್ನು ಓದುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ, ಜೊತೆಗೆ 500 ರೂಪಾಯಿಯ ಒಂದು ಮಲ್ಟಿಮೀಟರನ್ನೂ ತನ್ನಿ.